ಕಾದಂಬರಿಯ ಕಾಡು ಮತ್ತು ಗುಂಡ್ಲುಪೇಟೆಯ ಕಾಡು

ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಹಸಿವು, ಬಾಯಾರಿಕೆ, ಮೃಗಭಯ ಇವೆಲ್ಲವನ್ನೂ ಗೆದ್ದು ಬದುಕಿ ಬರುವ ಕಥೆಗೆ ಓದುಗರ ಅಭಾವ ಯಾವ ಕಾಲದಲ್ಲಿಯೂ ಉಂಟಾಗಿಲ್ಲ. ಆದರೆ ಇಂತಹ ರೋಮಾಂಚಕ ಕಾದಂಬರಿಯೊಂದನ್ನು ಹತ್ತು ಮಂದಿ ಓದಿದರೆ ಹತ್ತು ಮಂದಿಯೂ ಒಂದೇ ಅಭಿಪ್ರಾಯಕ್ಕೆ ಬರುವುದು ಅಪರೂಪ. ಪುಸ್ತಕವನ್ನು ಕೆಳಗಿಡಲಾಗದೆ ರಾತ್ರಿಯೆಲ್ಲ ಎಚ್ಚರವಾಗಿದ್ದೆನೆಂದು ಒಬ್ಬ ಹೊಗಳುತ್ತಾನೆ. ಬೆಂಕಿ ಹೊತ್ತಿಸಿದ ಪ್ರಸಂಗವನ್ನು ಓದಿದೊಡನೆಯೇ ನಂಬಿಕೆ ಹಾರಿಹೋಯಿತೆಂದು ಇನ್ನೊಬ್ಬ ಮೂಗು ಮುರಿಯುತ್ತಾನೆ. ಕಥೆಯಲ್ಲಿ ಭೌತಶಾಸ್ತ್ರವನ್ನು ಹುಡುಕುವುದು ಅರಸಿಕತೆಯೆಂಬುದು ಮೊದಲನೆಯವನ ವಾದ. ಬದುಕುವುದು ಹೇಗೆಂಬುದೇ ಕಥೆಯ ವಸ್ತುವಾದ ಮೇಲೆ ಬದುಕುವ ಉಪಾಯಗಳು ಸುಳ್ಳಾದರೆ ಉಳಿಯುವುದೇನು ಎಂಬುದು ಎರಡನೆಯವನ ಪ್ರಶ್ನೆ.

ಬೇರೆ ಊರಿನವರಿಗೆ ಇದು ಬರಿಯ ಸಾಹಿತ್ಯಚರ್ಚೆಯಾಗಿರಬಹುದು. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಡೆಯ ವಿದ್ಯಾರ್ಥಿಗಳಿಗೆ ಹಾಗಲ್ಲ. ಅವರಲ್ಲಿ ಅನೇಕರ ಹೊಲದ ಬದು ಮುಗಿಯುವಲ್ಲಿ ಬಂಡೀಪುರದ ಕಾಡೋ ಬಿಳಿಗಿರಿರಂಗನ ಬೆಟ್ಟದ ತಪ್ಪಲೋ ಆರಂಭವಾಗುತ್ತದೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಬರೆದ ಪುಸ್ತಕದಿಂದ ಕಲಿತ ವಿದ್ಯೆಯನ್ನು ಈ ಕಾಡಿನಲ್ಲಿ ಪ್ರಯೋಗಿಸಿದರೆ ಏನಾದೀತು ಎಂಬುದು ಅವರಿಗೆ ನಿಜವಾದ ಪ್ರಶ್ನೆ. ಆದುದರಿಂದ ಈ ಪಾಠದಲ್ಲಿ ಓದುಗರ ಜಗಳವನ್ನು ಗುಂಡ್ಲುಪೇಟೆಯ ಕಾಡಿನಂಚಿನಲ್ಲಿ ನಿಂತು ವಿಚಾರಿಸೋಣ.

ಜಗಳವೇನೂ ಹೊಸದಲ್ಲ. ಡೇನಿಯಲ್ ಡೀಫೋನ 'ರಾಬಿನ್ಸನ್ ಕ್ರೂಸೋ' 1719ರಲ್ಲಿ ಪ್ರಕಟವಾಯಿತು. ಅದೇ ವರ್ಷ ಚಾರ್ಲ್ಸ್ ಗಿಲ್ಡನ್ ಎಂಬಾತ ಅದನ್ನು ಹಳಿದು ಒಂದು ಪುಸ್ತಿಕೆಯನ್ನೇ ಬರೆದ. ಬಟ್ಟೆ ಕಳಚಿಟ್ಟು ಹಡಗಿಗೆ ಈಜಿಹೋದ ಕ್ರೂಸೋ ಅಲ್ಲಿ ಜೇಬಿನ ತುಂಬ ಬಿಸ್ಕತ್ತು ತುಂಬಿಕೊಂಡದ್ದು ಹೇಗೆಂಬುದು ಆಕ್ಷೇಪಗಳಲ್ಲೊಂದು. ಆದರೆ ಕೆಲವೇ ಸಾಲುಗಳ ಅನಂತರ ಅವನು ಚಲ್ಲಣ ತೊಟ್ಟೇ ಈಜಿದ್ದನೆಂಬ ಮಾತು ಕಥೆಯಲ್ಲಿ ಬರುತ್ತದೆ. ಹೀಗೆ ತಪ್ಪು ಹುಡುಕುವ ಆತುರದಲ್ಲಿ ಮುಂದಿನ ಪುಟವನ್ನು ಓದದಿರುವ ವಿಮರ್ಶಕರೂ ಉಂಟು. ಅಳತೆ ಮಾಡುವವನು ಮೊದಲು ಸಮಗ್ರವಾಗಿ ಓದಬೇಕು.

ಇನ್ನೊಂದು ಆಕ್ಷೇಪ ಇಷ್ಟು ಸುಲಭವಾಗಿ ಪರಿಹಾರವಾಗತಕ್ಕದ್ದಲ್ಲ. ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ 'ಲಾರ್ಡ್ ಆಫ್ ದಿ ಫ್ಲೈಸ್' ಎಂಬ ಪ್ರಖ್ಯಾತ ಕಾದಂಬರಿಯಲ್ಲಿ ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರು ಪಿಗ್ಗಿ ಎಂಬವನ ಕನ್ನಡಕದಿಂದ ಸೂರ್ಯರಶ್ಮಿಯನ್ನು ಕೂಡಿಸಿ ಬೆಂಕಿ ಹೊತ್ತಿಸುತ್ತಾರೆ. ಪಿಗ್ಗಿಗೆ ಇರುವುದು ಸಮೀಪದೃಷ್ಟಿ. ದೂರದ್ದು ಅವನಿಗೆ ಕಾಣುವುದಿಲ್ಲ. ಲೇಖಕನೇ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಸಮೀಪದೃಷ್ಟಿಯ ಕನ್ನಡಕದ ಮಸೂರ ನಿಮ್ನ ಮಸೂರ, ಎಂದರೆ ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಅದು ರಶ್ಮಿಗಳನ್ನು ಕೂಡಿಸುವುದಿಲ್ಲ, ಚದರಿಸುತ್ತದೆ. ಅದನ್ನು ಬಿಸಿಲಿಗೆ ಎಷ್ಟು ಹೊತ್ತು ಹಿಡಿದರೂ ಒಣಹುಲ್ಲು ಬೆಚ್ಚಗಾಗುವುದಕ್ಕಿಂತ ಹೆಚ್ಚಿನದೇನೂ ನಡೆಯದು.

ಪಿಗ್ಗಿಗೆ ದೂರದೃಷ್ಟಿಯ ಕನ್ನಡಕವನ್ನೇ ಕೊಟ್ಟೆವೆನ್ನಿ. ಆಗಲೂ ಕೆಲಸ ಸುಲಭವಲ್ಲ. ಸೂರ್ಯಬಿಂಬ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ. ಆದ್ದರಿಂದ ಪೀನ ಮಸೂರವೊಂದು ಮೂಡಿಸುವ ಸೂರ್ಯನ ಪ್ರತಿಬಿಂಬದ ಅಗಲವು ಅದರ ಸಂಗಮದೂರದ ಸುಮಾರು 107ರಲ್ಲಿ ಒಂದು ಪಾಲಾಗಿರುತ್ತದೆ. 5 ಸೆಂಟಿಮೀಟರ್ ಅಗಲದ, 10 ಸೆಂಟಿಮೀಟರ್ ಸಂಗಮದೂರದ ಭೂತಗನ್ನಡಿಯನ್ನು ತೆಗೆದುಕೊಂಡರೆ ಪ್ರತಿಬಿಂಬ ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಮಸೂರದ ಮೇಲೆ ಬಿದ್ದ ಬಿಸಿಲು ಅಲ್ಲಿ ಸುಮಾರು 2,900 ಪಟ್ಟು ದಟ್ಟವಾಗುತ್ತದೆ. ಅದೇ ಅಗಲದ, ಎರಡು ಡಯಾಪ್ಟರ್ ಶಕ್ತಿಯ ಕನ್ನಡಕದ ಸಂಗಮದೂರ 50 ಸೆಂಟಿಮೀಟರ್. ಪ್ರತಿಬಿಂಬ ಐದು ಪಟ್ಟು ಅಗಲವಾಗುವುದರಿಂದ ಬಿಸಿಲು ದಟ್ಟವಾಗುವುದು ಸುಮಾರು 115 ಪಟ್ಟು ಮಾತ್ರ. ಭೂತಗನ್ನಡಿಯಿಂದ ಅಂಗಳದಲ್ಲಿ ಕಾಗದ ಸುಟ್ಟ ಅನುಭವವುಳ್ಳವರು ಅಜ್ಜನ ಕನ್ನಡಕದಿಂದ ಅದನ್ನೇ ಮಾಡಹೊರಟು ಬೇಸತ್ತು ಕೈಬಿಡುವುದಕ್ಕೆ ಕಾರಣ ಇದೇ.

ಜೂಲ್ಸ್ ವರ್ನ್ ಈ ವಿಷಯದಲ್ಲಿ ಜಾಣ. 1874–75ರಲ್ಲಿ ಪ್ರಕಟವಾದ ಅವನ 'ರಹಸ್ಯ ದ್ವೀಪ'ದ ಎಂಜಿನಿಯರು ಎರಡು ಗಡಿಯಾರಗಳ ಗಾಜುಗಳನ್ನು ಎದುರುಬದುರಾಗಿ ಜೋಡಿಸಿ, ನಡುವೆ ನೀರು ತುಂಬಿ, ಅಂಚನ್ನು ಜೇಡಿಯಿಂದ ಮೆತ್ತಿ ಪೀನ ಮಸೂರವನ್ನು ನಿರ್ಮಿಸುತ್ತಾನೆ. ತತ್ತ್ವತಃ ಇದರಲ್ಲಿ ದೋಷವಿಲ್ಲ.

ಆದರೆ ಗೋಲ್ಡಿಂಗನ ವಿರೋಧಿಗಳು ಸಾಮಾನ್ಯವಾಗಿ ಗಮನಿಸದ ಒಂದು ಮಾತಿದೆ. ಆ ಹುಡುಗರು ಹಚ್ಚಿದ ಮೊದಲನೆಯ ಬೆಂಕಿ ಅವರ ಹಿಡಿತ ಮೀರಿ ಕಾಡಿಗೆ ವ್ಯಾಪಿಸುತ್ತದೆ. ಬೆಂಕಿ ಹೊತ್ತಿಕೊಂಡ ರೀತಿ ಅಸಂಭವ. ಅದು ಹಬ್ಬಿದ ರೀತಿ ಮಾತ್ರ ಪೂರ್ಣ ಸಂಭಾವ್ಯ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, ಗೋಪಾಲಸ್ವಾಮಿ ಬೆಟ್ಟದ ಸುತ್ತಿನಲ್ಲಿ, ಸಾವಿರಾರು ಎಕರೆ ಕಾಡು ಉರಿದುಹೋದುದನ್ನು ಕಂಡ ಗುಂಡ್ಲುಪೇಟೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲೆಯುದುರಿಸುವ ಒಣ ಕಾಡಿನಲ್ಲಿ ಮಾಘ ಕಳೆಯುವುದರೊಳಗಾಗಿ ನೆಲವೆಲ್ಲ ತರಗೆಲೆ. ಆಳೆತ್ತರದ ಹುಲ್ಲು ಕಡ್ಡಿಯಾಗಿ ನಿಂತಿರುತ್ತದೆ. ಇಳಿಜಾರಿನಲ್ಲಿ ಜ್ವಾಲೆ ಮೇಲ್ಗಡೆಯ ಹುಲ್ಲನ್ನು ಮುಂಚಿತವಾಗಿ ಕಾಯಿಸಿ ಒಣಗಿಸುವುದರಿಂದ ಬೆಂಕಿ ಗುಡ್ಡವನ್ನು ಇಳಿಯುವುದಕ್ಕಿಂತ ಬಹಳ ಬೇಗ ಏರುತ್ತದೆ. ಕಾದಂಬರಿಯ ನಾಯಕನಂತೆ ವಿಮಾನಕ್ಕೆ ಕಾಣಲೆಂದು ಇಲ್ಲಿ ಗುಡ್ಡದ ಬುಡದಲ್ಲಿ ಬೆಂಕಿ ಹಾಕಿ ನೆತ್ತಿಗೇರುವವನು ತಾನೇ ಹಚ್ಚಿದ ಬೆಂಕಿಯ ದಾರಿಯಲ್ಲಿ ನಿಂತಂತೆ.

ಬೆಂಕಿಯ ಮಾತು ಬಂದಾಗ ಸೋಲಿಗರನ್ನು ಬಿಟ್ಟು ಮುಂದುವರಿಯುವುದು ನ್ಯಾಯವಲ್ಲ. ಬಿಳಿಗಿರಿರಂಗನ ಬೆಟ್ಟದ ಈ ನಿವಾಸಿಗಳು ಹಿಂದೆ ಬೇಸಗೆಯ ಆರಂಭದಲ್ಲಿಯೇ, ಹುಲ್ಲು ಪೂರ್ತಿ ಒಣಗುವ ಮೊದಲೇ, ತರಗು ಬೆಂಕಿಯೆಂಬ ಸಣ್ಣ ಬೆಂಕಿಯನ್ನು ಹಚ್ಚುತ್ತಿದ್ದರು. ಅದು ನೆಲದ ಕಸವನ್ನಷ್ಟೇ ಸುಟ್ಟು ಆರುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾದ ತರುವಾಯ ಈ ರೂಢಿ ನಿಂತಿತು. ಅಂದಿನಿಂದಲೇ ಲಂಟಾನ ಪೊದೆ ಕಾಡನ್ನು ಮುತ್ತಿತು, ನೆಲ್ಲಿಮರಗಳಿಗೆ ಬದನಿಕೆ ಹೆಚ್ಚಿತು, ದೊಡ್ಡ ಬೆಂಕಿಗೆ ಸೌದೆ ಕೂಡಿಬಿತ್ತು ಎಂಬುದು ಸೋಲಿಗರ ವಾದ. ಯಾವ ಬೆಂಕಿಯೂ ಸಸಿಗಳಿಗೆ ಹಿತವಲ್ಲವೆಂಬುದು ಅರಣ್ಯಾಡಳಿತದ ಬಹುಕಾಲದ ನಿಲುವು. ಸಂಶೋಧಕರಲ್ಲಿಯೂ ಒಮ್ಮತವಿಲ್ಲ; ಆದರೆ ಸೋಲಿಗರ ವಾದವನ್ನು ಅಜ್ಞಾನವೆಂದು ತಳ್ಳಿಹಾಕುವ ಕಾಲ ಕಳೆದಿದೆಯೆಂದೇ ಈ ಲೇಖಕನ ಎಣಿಕೆ. ಒಂದು ಮಾತಂತೂ ಖಂಡಿತ: ದಕ್ಷಿಣ ಅಮೆರಿಕದ ಕಡೆಯಿಂದ ಅಲಂಕಾರಕ್ಕೆಂದು ತಂದ ಲಂಟಾನ ಇಂದು ಈ ಕಾಡುಗಳಲ್ಲಿ ಎಷ್ಟು ದಟ್ಟವಾಗಿದೆಯೆಂದರೆ, ಹುಲಿ ಬೆನ್ನಟ್ಟಿದ ನಾಯಕ ಪೊದೆಗಳ ನಡುವೆ ಮೈಲಿಗಟ್ಟಲೆ ಓಡಿದನೆಂಬ ವಾಕ್ಯವನ್ನು ಬರೆಯುವ ಮುನ್ನ ಕಾದಂಬರಿಕಾರರು ಒಮ್ಮೆ ಹತ್ತು ಗಜ ನಡೆದು ನೋಡಬೇಕು.

ಆಹಾರದ ವಿಷಯದಲ್ಲಿ ಕಾದಂಬರಿಗಳು ಸಾಮಾನ್ಯವಾಗಿ ಕಾಡಿಗೆ ಇಲ್ಲದ ಔದಾರ್ಯವನ್ನು ಕಲ್ಪಿಸುತ್ತವೆ. ನಾಯಕ ಗೆಡ್ಡೆ ಅಗೆಯುತ್ತಾನೆ, ಹಣ್ಣು ಕೀಳುತ್ತಾನೆ, ತಿಂಗಳುಗಟ್ಟಲೆ ಪುಷ್ಟನಾಗಿಯೇ ಇರುತ್ತಾನೆ. ಕಾಡುಗೆಣಸಿನ ಕೆಲವು ಜಾತಿಗಳು ವಿಷಯುಕ್ತವಾಗಿದ್ದು, ಹೆಚ್ಚಿ ನೀರಿನಲ್ಲಿ ನೆನೆಸಿ ಬೇಯಿಸದ ಹೊರತು ತಿನ್ನಲು ಬಾರವು. ಯಾವುದು ಯಾವುದೆಂದು ಬಲ್ಲ ಸೋಲಿಗರೇ ಕಾಡಿನ ನಡುವೆ ರಾಗಿ ಬೆಳೆದುಕೊಂಡು ಬಾಳಿದವರು. ಈ ಸೀಮೆಯ ಕಾಡುಗಳಲ್ಲಿ ವರ್ಷಾನುಗಟ್ಟಲೆ ಅಡಗಿದ್ದ ವೀರಪ್ಪನ್ನನ ತಂಡಕ್ಕೂ ಅಕ್ಕಿಬೇಳೆ ಊರುಗಳಿಂದಲೇ ಹೋಗಬೇಕಾಗಿತ್ತು. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರನ್ನು ಅವನು 1997ರಲ್ಲಿ 14 ದಿನ ಸೆರೆಯಲ್ಲಿಟ್ಟ. 2000ದ ಜುಲೈ 30ರಂದು ಗಾಜನೂರಿನಿಂದ ಒಯ್ದ ಡಾ. ರಾಜ್‌ಕುಮಾರರನ್ನು 108 ದಿನ ಕಾಡಿನಲ್ಲಿರಿಸಿಕೊಂಡ. ಯಾವ ಕಾದಂಬರಿಯನ್ನೂ ಮೀರಿಸುವ ಇಂತಹ ನಿಜಕಥೆಗಳ ಹಿಂದೆ ಊರಿನ ಮೂಟೆಯೊಂದು ಇದ್ದೇ ಇರುತ್ತದೆ. ಹಾಗೆ ನೋಡಿದರೆ ದಾರಿ ತಪ್ಪಿದವನಿಗೆ ಹಸಿವು ದೊಡ್ಡ ಶತ್ರುವೂ ಅಲ್ಲ. ಅನ್ನವಿಲ್ಲದೆ ಮನುಷ್ಯ ವಾರಗಳವರೆಗೆ ಜೀವಿಸಬಲ್ಲ. ನೀರಿಲ್ಲದಿದ್ದರೆ ಸುಮಾರು ಮೂರು ದಿನ, ಬಿಸಿಲಿನಲ್ಲಿ ನಡೆಯುತ್ತಿದ್ದರೆ ಅದಕ್ಕಿಂತಲೂ ಕಡಿಮೆ. ಸೆಕೆಯಲ್ಲಿ ಗುಡ್ಡವೇರುವವನ ಮೈಯಿಂದ ಗಂಟೆಗೊಂದು ಲೀಟರ್ ಬೆವರು ಹರಿಯುವುದು ಅಸಾಧಾರಣವಲ್ಲ. ಗುಂಡ್ಲುಪೇಟೆಯ ಸೀಮೆ ಮಳೆನೆರಳಿನ ಪ್ರದೇಶ; ಇಲ್ಲಿ ಮಾರ್ಚ್ ತಿಂಗಳ ಹಳ್ಳವೆಂದರೆ ಹೆಚ್ಚಾಗಿ ಮರಳಿನ ಗೆರೆ.

ಹಳ್ಳ ಹಿಡಿದು ಕೆಳಗಿಳಿದರೆ ಊರು ಸಿಕ್ಕುತ್ತದೆಂಬುದು ಇಂತಹ ಪುಸ್ತಕಗಳ ಇನ್ನೊಂದು ಸೂತ್ರ. ಉತ್ತರಕ್ಕೆ ಹರಿದು ಕಬಿನಿಯನ್ನು ಸೇರುವ ಗುಂಡ್ಲುಹೊಳೆಯ ಕಡೆಗಾದರೆ ಇದು ಸರಿಯೇ, ಹೊಲಗದ್ದೆಗಳು ಬರುತ್ತವೆ. ನೀರು ದಕ್ಷಿಣಕ್ಕೆ ಹರಿಯುವ ಕಡೆ ಇದೇ ಸೂತ್ರವನ್ನು ಹಿಡಿದವನು ಮೋಯಾರ್ ನದಿಯ ಆಳವಾದ ಕಮರಿಯ ಅಂಚಿಗೆ ಬಂದು ನಿಲ್ಲುತ್ತಾನೆ. ಸೂತ್ರ ಒಂದೇ, ಒಂದು ದಿಣ್ಣೆಯ ಎರಡು ಪಕ್ಕಗಳಲ್ಲಿ ಫಲ ಬೇರೆ ಬೇರೆ.

ಇನ್ನು ಮೃಗಗಳು. ಕನ್ನಡ ಓದುಗರಲ್ಲಿ ಅತ್ಯಂತ ಹೆಚ್ಚು ವಾದವಿವಾದಕ್ಕೆ ಎಡೆಗೊಟ್ಟ ಕಾಡಿನ ಕಥೆಗಳೆಂದರೆ ಕೆನೆತ್ ಆಂಡರ್ಸನ್ನನವು. 1910ರಿಂದ 1974ರವರೆಗೆ ಬಾಳಿದ ಈ ಬೇಟೆಗಾರನ ಇಂಗ್ಲಿಷ್ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಅವು ಮನೆಮಾತಾದವು. ಎಲ್ಲವೂ ನಡೆದದ್ದೇ ಎಂದು ನಂಬುವವರೂ, ಬೇಟೆಗಾರನ ಮಾತಿನಲ್ಲಿ ಮುಕ್ಕಾಲು ಪಾಲು ಬಣ್ಣವೆನ್ನುವವರೂ ಇದ್ದಾರೆ. ಒಂದೊಂದು ಹುಲಿಯ ಸಂಗತಿಯನ್ನು ಇಷ್ಟು ವರ್ಷಗಳಾದ ಮೇಲೆ ಪರೀಕ್ಷಿಸುವುದು ಹೇಗೂ ಸಾಧ್ಯವಿಲ್ಲ. ಪರೀಕ್ಷಿಸಬಹುದಾದುದು ಪ್ರಾಣಿಯ ನಡವಳಿಕೆಯ ಚಿತ್ರ. ಗಾಯದಿಂದಲೋ ಮುಪ್ಪಿನಿಂದಲೋ ಬೇಟೆಯಾಡಲಾರದ ಹುಲಿ ಮನುಷ್ಯರ ಮೇಲೆ ಬೀಳುತ್ತದೆ, ಆರೋಗ್ಯವಂತ ಹುಲಿ ಮನುಷ್ಯನ ಸುಳಿವು ಸಿಕ್ಕಿದೊಡನೆ ಸರಿದುಹೋಗುತ್ತದೆ ಎಂಬ ಮಟ್ಟಿಗೆ ಆ ಕಥೆಗಳು ಹೇಳುವುದು ಇಂದಿನ ತಿಳಿವಳಿಕೆಗೆ ದೂರವಲ್ಲ. 2019ರ ಅಕ್ಟೋಬರಿನಲ್ಲಿ ಅರಿವಳಿಕೆಯ ಮದ್ದು ಹಾರಿಸಿ ಹಿಡಿದ, ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಬ್ಬರು ರೈತರನ್ನು ಕೊಂದ ಹುಲಿಯ ಪ್ರಕರಣವೂ ನಡೆದದ್ದು ನಟ್ಟಡವಿಯಲ್ಲಲ್ಲ, ಕಾಡಂಚಿನ ಹೊಲಗಳ ಕಡೆಯಲ್ಲಿ.

ಆನೆಯ ವಿಷಯಕ್ಕೆ ಚಾಮರಾಜನಗರದವರಿಗೆ ತಮ್ಮದೇ ಆದ ಆಧಾರಗ್ರಂಥವಿದೆ. ಮೈಸೂರು ಸಂಸ್ಥಾನದ ನೀರಾವರಿ ಕೆಲಸದಲ್ಲಿದ್ದ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪ ವಾಸವಾಗಿದ್ದು 1874ರಲ್ಲಿ ಅಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿದ. 1878ರಲ್ಲಿ ತನ್ನ ಹದಿಮೂರು ವರ್ಷಗಳ ಅನುಭವವನ್ನು ಪುಸ್ತಕವಾಗಿ ಬರೆದ. ಕಿಪ್ಲಿಂಗನ 'ಜಂಗಲ್ ಬುಕ್'ನಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಇವನೇ ಮಾದರಿಯೆಂದು ಹಲವರ ಅಭಿಪ್ರಾಯ. ಹಿಂಡನ್ನು ನಡೆಸುವುದು ಕೊಂಬಿನ ಸಲಗವಲ್ಲ, ಹೆಣ್ಣಾನೆ ಎಂಬುದನ್ನು ಅವನು ಆಗಲೇ ಸ್ಪಷ್ಟವಾಗಿ ಗುರುತಿಸಿದ್ದ. ಹಾಗಿದ್ದರೂ ಇಂದಿಗೂ ಕಾದಂಬರಿಗಳಲ್ಲಿ ಹಿಂಡಿನ ಮುಂದೆ ಸಲಗವೇ ಘೀಳಿಡುತ್ತದೆ! ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಆನೆಯ ಭುಜದ ಎತ್ತರವೆಂಬ ಹಳೆಯ ಲೆಕ್ಕವೂ ಉಪಯುಕ್ತ. ನಾಯಕ ಕಂಡ ಹೆಜ್ಜೆಯ ಸುತ್ತಳತೆ ಎಂಟು ಅಡಿಯೆಂದು ಲೇಖಕ ಬರೆದರೆ ಆನೆ ಹದಿನಾರು ಅಡಿ ಎತ್ತರವಾಗಬೇಕು. ಅಂತಹ ಆನೆ ಏಷ್ಯದಲ್ಲಿ ಹುಟ್ಟಿಲ್ಲ.

ಇಷ್ಟಾಗಿಯೂ, ಈ ಕಾಡಿನ ಒಂದು ಭೀಕರ ಪ್ರಾಣಿ ಕಾದಂಬರಿಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅದು ಸಾಸುವೆ ಕಾಳಿಗಿಂತಲೂ ಸಣ್ಣದಾದ ಉಣ್ಣೆಯ ಮರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸನ್ನು ಉಣ್ಣೆಗಳು ಹರಡುತ್ತವೆ. ಮಲೆನಾಡಿನ ರೋಗವೆಂದೇ ಬಹುಕಾಲ ಭಾವಿಸಲಾಗಿದ್ದ ಇದು 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಕಾಣಿಸಿಕೊಂಡಿತು. ಕೋತಿಗಳು ಸತ್ತವು, ಕಾಡಿನಲ್ಲಿ ದುಡಿಯುತ್ತಿದ್ದವರು ಜ್ವರದಿಂದ ಮಲಗಿದರು. ತರಗೆಲೆಯ ಮೇಲೆ ಮಲಗಿ ನಕ್ಷತ್ರ ನೋಡುತ್ತ ನಿದ್ದೆಹೋಗುವ ನಾಯಕನಿಗೆ ಯಾವ ಲೇಖಕನೂ ಈ ಜ್ವರವನ್ನು ತರಿಸಿಲ್ಲ. ಕಾಡಿನಲ್ಲಿ ಸತ್ತ ಕೋತಿಯನ್ನು ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕೆಂಬುದನ್ನು ಮಾತ್ರ ಇಲ್ಲಿನ ವಿದ್ಯಾರ್ಥಿಗಳು ಅರಿತಿರಬೇಕು.

ಕೊನೆಗೆ ದಿಕ್ಕಿನ ಪ್ರಶ್ನೆ. ಪರದೇಶದ ಪುಸ್ತಕ ನಮ್ಮನ್ನು ಅತಿ ಹೆಚ್ಚು ದಾರಿತಪ್ಪಿಸುವುದು ಇಲ್ಲಿಯೇ. ಸುತ್ತಿಸುತ್ತಿ ನಾಯಕ ತನ್ನ ಹೆಜ್ಜೆಯ ಗುರುತಿಗೇ ಮರಳುವ ಪ್ರಸಂಗವನ್ನು ಕೆಲವರು ಉತ್ಪ್ರೇಕ್ಷೆಯೆನ್ನುತ್ತಾರೆ. ಅದು ಉತ್ಪ್ರೇಕ್ಷೆಯಲ್ಲ. ಜರ್ಮನಿಯ ಕಾಡಿನಲ್ಲೂ ಟ್ಯುನಿಸಿಯದ ಮರುಭೂಮಿಯಲ್ಲೂ ಜನರನ್ನು ನಡೆಸಿ ನೋಡಿದ ಪ್ರಯೋಗಗಳ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸೂರ್ಯನೋ ಚಂದ್ರನೋ ಕಾಣುತ್ತಿದ್ದವರೆಗೆ ಅವರು ನೇರವಾಗಿ ನಡೆದರು; ಮೋಡ ಕವಿದಾಗ, ನೇರವಾಗಿಯೇ ನಡೆಯುತ್ತಿದ್ದೇವೆಂದು ನಂಬಿ, ವೃತ್ತಾಕಾರವಾಗಿ ತಿರುಗಿದರು.

ಆದರೆ ಸೂರ್ಯ ಕಂಡರೆ ಸಾಕೆ? ಗಡಿಯಾರದ ಗಂಟೆಯ ಮುಳ್ಳನ್ನು ಸೂರ್ಯನ ಕಡೆಗೆ ತಿರುಗಿಸಿದರೆ, ಅದಕ್ಕೂ ಹನ್ನೆರಡರ ಗುರುತಿಗೂ ನಡುವಣ ದಿಕ್ಕೇ ದಕ್ಷಿಣವೆಂದು ಆ ಪುಸ್ತಕಗಳು ಬೋಧಿಸುತ್ತವೆ. ಲಂಡನ್ನಿನಲ್ಲಿ ಇದು ಸುಮಾರಾಗಿ ನಡೆದೀತು. ಗುಂಡ್ಲುಪೇಟೆಯ ಅಕ್ಷಾಂಶ ಉತ್ತರ 11.8 ಡಿಗ್ರಿ. ಇಲ್ಲಿ ಸೂರ್ಯ ದಿಗಂತದಿಂದ ಬಹುಮಟ್ಟಿಗೆ ನೆಟ್ಟಗೆ ಮೇಲೇರುತ್ತಾನೆ. ಬೆಳಗಿನ ಬಹುಭಾಗ ಪೂರ್ವದ ಆಸುಪಾಸಿನಲ್ಲಿಯೇ ಇರುತ್ತಾನೆ. ಹಗಲಿರುಳು ಸಮವಾದ ಮಾರ್ಚ್ 21ರಂದು ಸ್ಥಳೀಯ ಸೌರಕಾಲ ಒಂಬತ್ತು ಗಂಟೆಗೆ ಸೂರ್ಯನಿಗೂ ದಕ್ಷಿಣಕ್ಕೂ ಇರುವ ನಿಜವಾದ ಅಂತರ ಸುಮಾರು 78 ಡಿಗ್ರಿ; ಗಡಿಯಾರ ತೋರಿಸುವುದು 45 ಡಿಗ್ರಿ. 33 ಡಿಗ್ರಿಯ ಈ ತಪ್ಪಿನೊಡನೆ ಐದು ಕಿಲೋಮೀಟರ್ ನಡೆದವನು ತಾನು ಹಿಡಿಯಬೇಕಾಗಿದ್ದ ಗೆರೆಯಿಂದ 2.7 ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ಏಪ್ರಿಲ್ 21ರ ಹತ್ತು ಗಂಟೆಗಾದರೆ ತಪ್ಪು 60 ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿಂದ ಆಗಸ್ಟ್ 22ರ ತನಕ, ಹೆಚ್ಚುಕಡಮೆ ನಾಲ್ಕು ತಿಂಗಳು, ನಡುಹಗಲಿನ ಸೂರ್ಯ ನಮ್ಮ ಖಮಧ್ಯದಿಂದ ಉತ್ತರಕ್ಕೇ ಇರುತ್ತಾನೆ! ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೆಂದು ಬಾಯಿಪಾಠ ಮಾಡಿದವನು ಆಗ ಮಾಡುವ ತಪ್ಪು ಪೂರ್ತಿ 180 ಡಿಗ್ರಿ.

ಮರದ ಉತ್ತರದ ಬದಿಯಲ್ಲಿ ಹಾವಸೆ ಬೆಳೆಯುತ್ತದೆಂಬ ಗುರುತೂ ಇಲ್ಲಿ ಸಲ್ಲದು. ದೂರದ ಉತ್ತರದೇಶಗಳಲ್ಲಿ ಆ ಬದಿಗೆ ವರ್ಷವಿಡೀ ನೆರಳು. ನಮ್ಮಲ್ಲಿ ಎರಡು ಬದಿಗೂ ಸರದಿಯ ಮೇಲೆ ಬಿಸಿಲು ಬೀಳುತ್ತದೆ. ಧ್ರುವನಕ್ಷತ್ರವಾದರೋ ನಿಶ್ಚಲವೇ, ಆದರೆ ಇಲ್ಲಿ ದಿಗಂತದಿಂದ ಹನ್ನೆರಡು ಡಿಗ್ರಿಯಷ್ಟು ಮಾತ್ರ ಮೇಲೆ. ಇಪ್ಪತ್ತು ಮೀಟರ್ ಎತ್ತರದ ಮರವೊಂದು ನಿಮ್ಮಿಂದ ತೊಂಬತ್ತು ಮೀಟರ್ ದೂರದಲ್ಲಿದ್ದರೂ ಅದು ಮರೆಯಾಗುತ್ತದೆ.

ಹಾಗಾದರೆ ಉಪಾಯವಿಲ್ಲವೆ? ಉಂಟು, ಅದು ನಮ್ಮವರಿಗೆ ಕಾತ್ಯಾಯನ ಶುಲ್ಬಸೂತ್ರದ ಕಾಲದಿಂದಲೂ ಗೊತ್ತು. ಸಮನಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿರಿ, ಇದೇ ಶಂಕು. ಅದರ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಹಗ್ಗದಿಂದ ಒಂದು ವೃತ್ತವನ್ನೆಳೆಯಿರಿ. ಪೂರ್ವಾಹ್ನ ನೆರಳಿನ ತುದಿ ಕುಗ್ಗುತ್ತ ಬಂದು ವೃತ್ತವನ್ನು ಮುಟ್ಟುವ ಬಿಂದುವನ್ನೂ, ಅಪರಾಹ್ನ ಅದು ಬೆಳೆದು ಮತ್ತೆ ವೃತ್ತವನ್ನು ಮುಟ್ಟುವ ಬಿಂದುವನ್ನೂ ಗುರುತು ಮಾಡಿರಿ. ಮೊದಲನೆಯ ಬಿಂದು ಪಶ್ಚಿಮದ್ದು, ಎರಡನೆಯದು ಪೂರ್ವದ್ದು. ಎರಡನ್ನೂ ಸೇರಿಸುವ ಗೆರೆ ಪೂರ್ವಪಶ್ಚಿಮ. ಸೂರ್ಯ ಖಮಧ್ಯದ ಉತ್ತರಕ್ಕಿರಲಿ ದಕ್ಷಿಣಕ್ಕಿರಲಿ, ಬೆಳಗಿನ ಪಥವೂ ಸಂಜೆಯ ಪಥವೂ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವುದರಿಂದ ಈ ವಿಧಾನ ಯಾವ ಅಕ್ಷಾಂಶದಲ್ಲಿಯೂ ಕೆಡುವುದಿಲ್ಲ. ಇದಕ್ಕೆ ಬೇಕಾದುದು ಅರ್ಧ ದಿನದ ತಾಳ್ಮೆ, ಎಂದರೆ ಮರದ ನೆರಳಿನಲ್ಲಿ ಕುಳಿತು ಬೆವರನ್ನು ಉಳಿಸಿಕೊಳ್ಳುವುದು. ರೋಮಾಂಚಕ ಕಾದಂಬರಿಗೆ ಇದು ಒಗ್ಗುವುದಿಲ್ಲವೆಂಬುದನ್ನು ಒಪ್ಪಬೇಕು!

ಶಾಲೆಯ ಮೈದಾನದಲ್ಲಿಯೇ ಇದನ್ನು ಮಾಡಿ ನೋಡಬಹುದು. ಗುಂಡ್ಲುಪೇಟೆಯಲ್ಲಿ ಒಂದು ಮೀಟರ್ ಎತ್ತರದ ಶಂಕುವಿನ ಅತಿ ಚಿಕ್ಕ ನೆರಳು ಡಿಸೆಂಬರ್ 22ರಂದು ಉತ್ತರಕ್ಕೆ ಸುಮಾರು 70 ಸೆಂಟಿಮೀಟರ್, ಜೂನ್ 21ರಂದು ದಕ್ಷಿಣಕ್ಕೆ ಸುಮಾರು 20 ಸೆಂಟಿಮೀಟರ್ ಬೀಳಬೇಕು. ಚಾಮರಾಜನಗರದಲ್ಲಿ ಈ ಅಳತೆಗಳು ಒಂದು ಸೆಂಟಿಮೀಟರಿನಷ್ಟೂ ಬದಲಾಗವು. ಅಳೆಯುವಾಗ ಗಡಿಯಾರದ ಹನ್ನೆರಡನ್ನು ನಂಬಬೇಡಿ. ಭಾರತದ ವೇಳೆ ಪೂರ್ವ ರೇಖಾಂಶ 82.5 ಡಿಗ್ರಿಯದಾದುದರಿಂದ ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ, ಕೆಲವು ತಿಂಗಳು ಅದಕ್ಕಿಂತ ಹಿಂದೆ, ಕೆಲವು ತಿಂಗಳು ಮುಂದೆ.